ಬಾಗಿಲಿಗೆ ಬಿದ್ದ ಕತ್ತು

ಕತ್ತು ನೋಯುತ್ತಿದೆ ಅಂತ ನಮ್ಮ ಬೀದೀಲಿ ಒಮ್ಮೆ ಬಾಯಿಬಿಟ್ಟು ನೋಡಿ ರಾಯರೇ. ದಿಂಬನ್ನು ಬಿಸಿಲಿಗೆ ಹಾಕಿ ಅಂತಾರೆ ಎದುರುಮನೆಯವರು. ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿ ಬೆನ್ನಿಗೊಂದು ಒದೆಸಿಕೊಳ್ಳಿ, ಉಳುಕು ಹಾಗೇ ಇಳಿಯುತ್ತೆ ಅಂತಾರೆ ಮೂಲೆಮನೆ ಅಜ್ಜಿ. ಕಟಿಂಗ್ ಶಾಪಿನವನಂತೂ ಕೇಳೋದೂ ಇಲ್ಲ, ಗದ್ದ ಹಿಡಿದು ಲಟಕ್ ಅನ್ನಿಸಿಬಿಡ್ತಾನೆ. ಬೇರೆ ಏನಾದರೂ ಮಾಡಿಕೊಳ್ಳಿ, ಅದೊಂದು ಬೇಡ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತಿನೊಳಗಿಂದಲೇ ಹಾದುಹೋಗ್ತವೆ. ಆ ಜರ್ಕಿಗೆ ಅವುಗಳ ಒಳಪದರ ಹರಿದು ಲಕ್ವ ಹೊಡೆದದ್ದುಂಟು.

ಅದಕ್ಕೆ ಹೋಲಿಸಿದರೆ ನಿಮ್ಮ ಮಗ ಆನ್‌ಲೈನಲ್ಲಿ ತರಿಸಿಕೊಟ್ಟ ಈ ಟ್ರ್ಯಾಕ್ಷನ್ ಸರಂಜಾಮು ಸಾಧುವೇ ಅನ್ನಿ. ಬಾಗಿಲಿಗೆ ಸಿಕ್ಕಿಸುವ ಕೊಕ್ಕೆ, ರಾಟೆ, ಗದ್ದಕ್ಕೊಂದು ಹಿಂದಲೆಗೊಂದು ಪಟ್ಟಿ, ಹಗ್ಗದ ಇನ್ನೊಂದು ತುದೀಲಿ ನೀರಿನ ಚೀಲ. ನೋಡಿದರೆ ಎದೆ ಧಸಕ್ಕೆನ್ನುತ್ತೆ, ಆದರೆ ಎಳೆಯುವ ವೈದ್ಯ ಹೊಸದಲ್ಲ. ಗ್ರೀಸಿನಲ್ಲಿ ಗೂನುಬೆನ್ನಿನವರನ್ನು ಏಣಿಗೆ ಕಟ್ಟಿ, ತಲೆಕೆಳಗು ಮಾಡಿ, ಮೇಲಿಂದ ಕೆಳಕ್ಕೆ ಕುಕ್ಕುತ್ತಿದ್ದರು. ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥದಲ್ಲಿ ಅದರ ವಿವರವೂ ಇದೆ, ಕೊಂಕೂ ಇದೆ: ಇದರಿಂದ ನೆಟ್ಟಗಾದವರನ್ನು ಕಾಣೆ, ಜನ ಬೆರಗಾಗಲಿ ಅಂತ ವೈದ್ಯರು ಹೂಡುವ ಆಟ ಅಂತ. ಮೊಬೈಲಿನಲ್ಲಿ ಕತ್ತು ಲಟಕಾಯಿಸುವ ವಿಡಿಯೋ ಬಂದಾಗಲೆಲ್ಲ ನನಗೆ ಆ ಏಣಿ ನೆನಪಾಗುತ್ತೆ. ನಮ್ಮ ಕೋಲಾರ ಸೀಮೆಯ ಬೆಳ್ಳೂರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರೂ ಪುಣೆಯಲ್ಲಿ ಗೋಡೆಗೆ ಹಗ್ಗ ಹಾಕಿಸಿ ಶಿಷ್ಯರನ್ನು ನೇತುಹಾಕಿದವರೇ. ಆದರೆ ಪಕ್ಕದಲ್ಲಿ ಗುರು ನಿಂತಿರುತ್ತಿದ್ದರಲ್ಲ!

ಈಗ ಲೆಕ್ಕಕ್ಕೆ ಬನ್ನಿ. ನಮ್ಮ ತಲೆಯ ತೂಕವೇ ನಾಲ್ಕೂವರೆ, ಐದು ಕಿಲೋ. ಒಂದು ಲೀಟರ್ ನೀರು ಒಂದು ಕಿಲೋ. ಕುರ್ಚಿ ಮೇಲೆ ಕೂತು ನಾಲ್ಕು ಲೀಟರ್ ತುಂಬಿದ ಚೀಲ ನೇತುಹಾಕಿದಿರಿ ಅನ್ನಿ, ಕತ್ತು ಇನ್ನೂ ಎಳೆದೇ ಇಲ್ಲ, ತಲೆಯ ಹೊರೆಯನ್ನು ಒಂದಷ್ಟು ಹೊತ್ತು ಇಳಿಸಿದ್ದೀರಿ ಅಷ್ಟೇ. ಹಾಯ್ ಅನ್ನಿಸೋದು ಅದಕ್ಕೇ. ಮೂಳೆಗಳ ನಡುವೆ ನಿಜವಾಗಿ ಸಂದು ಬಿಡಬೇಕಾದರೆ ಹತ್ತು ಕಿಲೋ ದಾಟಬೇಕು ಅಂತಾರೆ ಫಿಸಿಯೋಗಳು. ಹಾಗಂತ ನೀವೇ ನಲ್ಲಿ ತಿರುಗಿಸಿ ತುಂಬಿಸಿಕೊಳ್ಳಬೇಡಿ. ಕಮ್ಮಿ ಭಾರ, ಹತ್ತು ಹದಿನೈದು ನಿಮಿಷ, ಆಮೇಲೆ ಭಾರವನ್ನು ನಿಧಾನ ಇಳಿಸೋದು. ಮುಖ ಬಾಗಿಲ ಕಡೆಗೇ ಇರಲಿ. ಬೆನ್ನು ಹಾಕಿ ಕೂತರೆ ಕತ್ತು ಹಿಂದಕ್ಕೆ ವಾಲಿ, ನರ ಹೊರಬರುವ ಕಿಂಡಿ ಇನ್ನಷ್ಟು ಕಿರಿದಾಗುತ್ತೆ. ಸ್ವಲ್ಪ ಮುಂದೆ ಬಾಗಿದರೆ ಅದೇ ಕಿಂಡಿ ತೆರೆಯುತ್ತೆ.

ಸೊಂಟದ ಕತೆ ಇನ್ನೂ ಮಜ. ಆಸ್ಪತ್ರೆ ವಾರ್ಡಿನಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು, ಮಂಚದ ಕಾಲ ಕಡೆ ಇಟ್ಟಿಗೆ ನೇತುಹಾಕಿ ಮಲಗಿಸುತ್ತಿದ್ದರಲ್ಲ, ಆ ಇಟ್ಟಿಗೆಯ ಭಾರ ಮೈಗೂ ಹಾಸಿಗೆಗೂ ಇರುವ ಘರ್ಷಣೆಗೇ ಸರಿಹೋಗುತ್ತಿತ್ತು. ಅದನ್ನು ಮೀರಬೇಕಾದರೆ ಮೈತೂಕದ ಕಾಲು ಭಾಗವಾದರೂ ಬೇಕು. ಅಂದರೆ ಇಟ್ಟಿಗೆ ಮಾಡಿದ ದೊಡ್ಡ ಕೆಲಸ, ರೋಗಿಯನ್ನು ಮಂಚ ಬಿಟ್ಟು ಏಳದ ಹಾಗೆ ನೋಡಿಕೊಂಡದ್ದು. ಈಗಿನ ಡಾಕ್ಟರುಗಳು ಹಾಗೆ ಮಲಗೋದೇ ತಪ್ಪು, ಎದ್ದು ಓಡಾಡಿ ಅಂತಾರೆ. 2013ರಲ್ಲಿ ಕಾಕ್ರೇನ್ ಸಂಸ್ಥೆಗಾಗಿ 32 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಸೊಂಟ ನೋವಿಗೆ ಎಳೆತದಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕತ್ತಿನಲ್ಲಿ ನರ ಒತ್ತಿ ತೋಳಿಗೆ ಜೋಮು ಇಳಿಯುವವರ ಮಾತು ಬೇರೆ: 2014ರ ಒಂದು ಅಮೆರಿಕನ್ ಪ್ರಯೋಗದಲ್ಲಿ ವ್ಯಾಯಾಮದ ಜೊತೆ ಎಳೆತವೂ ಸೇರಿದಾಗ ಗುಣ ಹೆಚ್ಚಿತ್ತು. ಆದರೆ ಮೆರೆದದ್ದು ಚಿಕಿತ್ಸಾಲಯದ ಯಂತ್ರ, ನಿಮ್ಮ ಬಾಗಿಲ ಚೀಲ ಅದರ ಹಿಂದೆ.

ಹಿಗ್ಗಿದರೇ ಸುಖ ಅನ್ನೋದಾದರೆ ಗಗನಯಾತ್ರಿಗಳು ನಗುನಗುತ್ತಾ ಇರಬೇಕಿತ್ತು. ಭಾರವೇ ಇಲ್ಲದ ಜಾಗದಲ್ಲಿ ಅವರ ಬೆನ್ನು ತಾನಾಗೇ ಹಿಗ್ಗಿ, ಎತ್ತರ ನೂರಕ್ಕೆ ಮೂರರಷ್ಟು ಹೆಚ್ಚೋದುಂಟು. ಅಲ್ಲೂ ಗೋಳು ಅದೇ ಬೆನ್ನು ನೋವು!

ಹಾಗಾಗಿ ಚೀಲ ತುಂಬುವ ಮೊದಲು ಒಮ್ಮೆ ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ ಬನ್ನಿ. ಸಂಧಿವಾತ ಇದ್ದವರಿಗೆ ತಲೆಬುಡದ ಮೂಳೆಯೇ ಸಡಿಲವಾಗಿರಬಹುದು, ಅಂಥವರಿಗೆ ಈ ಹಗ್ಗ ಸಲ್ಲದು. ಮೂಳೆ ಟೊಳ್ಳಾದವರಿಗೂ, ಕ್ಯಾನ್ಸರ್ ಮುಟ್ಟಿದವರಿಗೂ ಸಲ್ಲದು. ಕೈಯ ಹಿಡಿತ ಸೋತರೆ, ನಡಿಗೆ ತೂರಾಡಿದರೆ, ಮೂತ್ರ ಕಟ್ಟಿದರೆ ಹಗ್ಗ ಬಿಟ್ಟು ಆಟೋ ಹಿಡಿಯಿರಿ.

ಇನ್ನೊಂದು. ಯಾವ ಬಾಗಿಲಿಗೆ ಹಾಕ್ತೀರಿ? ಕಂಪನಿಯವರು ಕಾಗದದಲ್ಲಿ ಎಲ್ಲ ಬರೆದಿರ್ತಾರೆ, ಆಚೆಯಿಂದ ಯಾರಾದರೂ ದೂಕಿದರೆ ಏನು ಗತಿ ಅಂತ ಮಾತ್ರ ಬರೆದಿರೋದಿಲ್ಲ. ಚಿಲಕ ಹಾಕಿಕೊಂಡೇ ಕೂರಿ. ಬಚ್ಚಲಮನೆ ಬಾಗಿಲಂತೂ ಬೇಡವೇ ಬೇಡ ರಾಯರೇ. ಬೆಳಗಾದರೆ ಆ ಬಾಗಿಲಿಗೆ ನಿಮ್ಮ ಮನೇಲಿ ನಡೆಯೋ ಜಗಳ ನಮಗೆ ಕಾಂಪೌಂಡಿನ ಈಚೆಗೂ ಕೇಳಿಸುತ್ತೆ.