ಸೈಕಲ್ಲಿಗೆ ಚೊಗರು

ಕೆರೆಬಿಳಚಿಯಲ್ಲಿ ಬಣ್ಣದ ವಿಚಾರ ಎತ್ತಬಾರದು. ರಾಜಕೀಯ ಎತ್ತಿದರೆ ಅರ್ಧ ಊರು ಒಂದು ಕಡೆ, ಉಳಿದರ್ಧ ಇನ್ನೊಂದು ಕಡೆ ನಿಲ್ಲುತ್ತದೆ, ಅಷ್ಟೆ. ಬಣ್ಣ ಎತ್ತಿದರೆ ಒಬ್ಬೊಬ್ಬರದೂ ಒಂದೊಂದು ಪಕ್ಷ. ನಮ್ಮ ಚನ್ನಗಿರಿ ಸೀಮೆಯವರಿಗೆ ಬಣ್ಣ ಕಣ್ಣಿಗೆ ಸಂಬಂಧಪಟ್ಟಿದ್ದಲ್ಲ, ದುಡ್ಡಿಗೆ ಸಂಬಂಧಪಟ್ಟಿದ್ದು. ಹಸಿ ಅಡಿಕೆ ಸುಲಿದು, ಹಂಡೆಯಲ್ಲಿ ಬೇಯಿಸಿ, ಆ ಬೆಂದ ನೀರಿನ ಕೆಂಪು ಚೊಗರು ಹಿಡಿಸಿ, ಬಿಸಿಲಲ್ಲಿ ಒಣಗಿಸಿ ಒಯ್ದರೆ ಕೊಳ್ಳುವವನು ಒಂದು ಹಿಡಿ ಎತ್ತಿ ಮೊದಲು ನೋಡುವುದು ಬಣ್ಣವನ್ನೇ. ರಾಶಿ ಅಡಿಕೆಯ ದರವೇ ಓಲಾಡುತ್ತಿರುವಾಗ, ಕೆಂಪು ಸ್ವಲ್ಪ ಮಂಕಾದರೂ ಮಗಳ ಮದುವೆಯ ಲೆಕ್ಕ ಏರುಪೇರಾಗುತ್ತದೆ. ಹಾಗಾಗಿ ಇಲ್ಲಿ ಎಂಟು ವರ್ಷದ ಹುಡುಗನೂ ಎಂಬತ್ತರ ಮುದುಕನೂ ಬಣ್ಣದಲ್ಲಿ ಪಂಡಿತರೇ.

ಇಂಥ ಊರಿನ ಅಂಗಳದಲ್ಲಿ, ಅದೂ ಅಡಿಕೆ ಸುಗ್ಗಿಯಲ್ಲಿ, ನನ್ನ ಅಣ್ಣನ ಮಗ ಬಣ್ಣ ಬಳಿಯಲೆಂದು ಸೈಕಲ್ ಬಿಚ್ಚಿ ಹರವಿಕೊಂಡು ಕೂತ.

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಯಾರೋ ಓಡಿಸಿ ಬೇಸತ್ತ ರೋಡ್ ಬೈಕನ್ನು ಕೊಂಡು ದಸರಾ ರಜೆಗೆ ಊರಿಗೆ ತಂದಿದ್ದ. ತೆಳ್ಳನೆ ಟೈರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು. ಅದನ್ನು ನೋಡಿದ ಪಕ್ಕದ ಮನೆಯವರು, ‘ಹ್ಯಾಂಡಲ್ ಉಲ್ಟಾ ಕೂರಿಸಿ ಯಾಮಾರಿಸಿದಾರೆ ಕಣಲೇ, ವಾಪಸ್ ಕೊಟ್ಟು ಬಾ’ ಎಂದು ಮನಸಾರೆ ಮರುಗಿದರು. ಸ್ಟ್ಯಾಂಡ್ ಇಲ್ಲ, ಕೆರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ, ಬೆಲ್ಲೂ ಇಲ್ಲ. ಇಷ್ಟೆಲ್ಲ ಇಲ್ಲದಿರುವುದಕ್ಕೇ ಬೆಲೆ ಜಾಸ್ತಿ ಎಂದು ಅವನು ವಿವರಿಸಿದಾಗ ನಮ್ಮಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಹಂಗಾದ್ರೆ ಚಕ್ರನೂ ತೆಗೆಸಿದ್ರೆ ಎಷ್ಟಾಗ್ತಿತ್ತು?’

ಅಪ್ಪನ ಕಾಲದಲ್ಲಿ ಸೈಕಲ್ಲಿನ ಮರ್ಯಾದೆ ಹೆಚ್ಚುತ್ತಿದ್ದುದು ಸೇರಿಸುವುದರಿಂದ. ಹೊಸ ಸೈಕಲ್ ಬಂತೆಂದರೆ ಮೊದಲು ಡೈನಮೋ, ಆಮೇಲೆ ಕುಚ್ಚು ಬಿಟ್ಟ ಸೀಟ್ ಕವರ್, ಕಡ್ಡಿಗೊಂದೊಂದು ಬಣ್ಣದ ಮಣಿ, ಹಬ್ಬಿನ ಸುತ್ತ ತಿರುಗಿ ತಿರುಗಿ ತಾನೇ ಒರೆಸುವ ನೂಲಿನ ಹೂ, ಹಿಂದಿನ ಮಡ್‌ಗಾರ್ಡಿಗೆ ರಾಜ್‌ಕುಮಾರ್ ಚಿತ್ರದ ರಬ್ಬರ್ ಫ್ಲ್ಯಾಪು. ಫ್ರೇಮಿಗೆ ಪ್ಲಾಸ್ಟಿಕ್ ಸುತ್ತಿಸಿ, ಒಳಗಿನ ಬಣ್ಣವನ್ನು ಜೀವಮಾನವಿಡೀ ಯಾರೂ ಮುಟ್ಟದಂತೆ ಕಾಯ್ದವರಿದ್ದಾರೆ. ಆ ಪ್ಲಾಸ್ಟಿಕ್ಕಿನ ಒಳಗೇ ನೀರು ನಿಂತು ಫ್ರೇಮು ತುಕ್ಕು ಹಿಡಿಯುತ್ತಿತ್ತು ಎಂಬುದು ಬೇರೆ ಮಾತು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಶುರು ಮಾಡಿತಲ್ಲ, ಶಾಲೆಯ ಅಂಗಳದಲ್ಲಿ ಎಲ್ಲವೂ ಒಂದೇ ತರಹ ಸಾಲಾಗಿ ನಿಂತಿದ್ದವು. ಎರಡು ವಾರ ಕಳೆಯುವುದರೊಳಗೆ ಒಂದರಂತೆ ಇನ್ನೊಂದಿರಲಿಲ್ಲ. ಒಬ್ಬನ ಹ್ಯಾಂಡಲ್ಲಿಗೆ ರಿಬ್ಬನ್, ಇನ್ನೊಬ್ಬಳ ಬಾರಿಗೆ ನೇಲ್ ಪಾಲಿಶಿನ ಹೂವು. ಮನೆಯಲ್ಲೇ ಸೈಕಲ್ ಸಿಂಗರಿಸುವ ಕಲೆಯನ್ನು ನಮಗೆ ಹೊರಗಿನಿಂದ ಯಾರೂ ಬಂದು ಕಲಿಸಬೇಕಿಲ್ಲ.

ಕಳೆಯುವ ಕಲೆ ಮಾತ್ರ ಹೊಸದು. ಹುಡುಗನ ಆರಾಧ್ಯದೈವ ಬೆಲ್ಜಿಯಂನ ಸೈಕಲ್ ರೇಸುಗಾರ ಎಡ್ಡಿ ಮರ್ಕ್ಸ್. ಆತ 1972ರ ಅಕ್ಟೋಬರ್ 25ರಂದು ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಗೆ 49.431 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದ. ಅದಕ್ಕೆಂದು ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕಟ್ಟಿಕೊಟ್ಟ ಸೈಕಲ್ಲಿನ ತೂಕ ಆರು ಕಿಲೋ ಒಳಗೆ. ಭಾರ ಇಳಿಸಲು ಚೈನಿಗೂ ತೂತು ಕೊರೆದಿದ್ದರಂತೆ. ಆಮೇಲೆ ಇದೊಂದು ಗೀಳಾಗಿ, ಕಂಡಕಂಡ ಬಿಡಿಭಾಗಕ್ಕೆಲ್ಲ ಜನ ಡ್ರಿಲ್ ಹಿಡಿದರು. ಈಗ ಅಂತರರಾಷ್ಟ್ರೀಯ ರೇಸುಗಳಲ್ಲಿ 6.8 ಕಿಲೋಗಿಂತ ಹಗುರ ಇರಬಾರದೆಂದು ಸೈಕ್ಲಿಂಗ್ ಒಕ್ಕೂಟದವರೇ ನಿಯಮ ಮಾಡಿದ್ದಾರೆ. ಹುಡುಗ ಇದನ್ನೆಲ್ಲ ಹೇಳಿ, ಬಣ್ಣಕ್ಕೂ ತೂಕವಿದೆ, ದಪ್ಪ ಬಳಿದರೆ ನೂರಾರು ಗ್ರಾಂ ಏರುತ್ತದೆ ಎಂದು ಚಿಂತೆ ವ್ಯಕ್ತಪಡಿಸಿದ. ಆಗಷ್ಟೇ ದಾವಣಗೆರೆಯಿಂದ ಕಟ್ಟಿಸಿಕೊಂಡು ಬಂದಿದ್ದ ಬೆಣ್ಣೆದೋಸೆಯ ಪೊಟ್ಟಣ ಅವನ ತೊಡೆಯ ಮೇಲೇ ಇತ್ತು. ನಾನು ಏನೂ ಹೇಳಲಿಲ್ಲ.

ಬಳಿಯಬೇಕಿದ್ದುದು ಪೆಡಲ್ ಹಿಡಿಯುವ ಕ್ರ್ಯಾಂಕು, ಬ್ರೇಕಿನ ತೋಳು, ಸೀಟಿನ ಕಂಬ, ಹ್ಯಾಂಡಲ್ ಹಿಡಿಯುವ ಸ್ಟೆಮ್ಮು. ಎಲ್ಲವೂ ಅಲ್ಯೂಮಿನಿಯಂ. ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ರೈಮರ್ ಎಂದರೆ ರೆಡ್ ಆಕ್ಸೈಡ್ ಡಬ್ಬಿ ಕೈಗಿಡುತ್ತಾರೆ. ಗೇಟಿಗೆ ಅದು, ಕಿಟಕಿ ಸರಳಿಗೆ ಅದು, ಟ್ರೇಲರಿಗೂ ಅದೇ. ಅಲ್ಯೂಮಿನಿಯಂ ಜಾತಿ ಬೇರೆ. ಗಾಳಿಗೆ ತಾಗಿದ ಕ್ಷಣವೇ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಕಬ್ಬಿಣವನ್ನು ತಿನ್ನುತ್ತದೆ. ಈ ಪೊರೆ ಅಲ್ಯೂಮಿನಿಯಮ್ಮನ್ನು ಕಾಯುತ್ತದೆ. ಕಾಯುವ ಭರದಲ್ಲಿ ಬಣ್ಣವನ್ನೂ ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ನಯವಾದ ವಾಟರ್ ಪೇಪರಿನಲ್ಲಿ ಉಜ್ಜಿ, ಥಿನ್ನರಿನಲ್ಲಿ ಜಿಡ್ಡು ಒರೆಸಿ, ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುವ ಎಚ್ ಪ್ರೈಮರ್ ಕೊಟ್ಟು, ಆಮೇಲೆ ಬಣ್ಣ. ಬಣ್ಣ ಬಳಿಯುವುದು ಒಂದು ಸಂಜೆಯ ಕೆಲಸ. ಉಜ್ಜುವುದಕ್ಕೆ ಮಾತ್ರ ಕೊನೆಯಿಲ್ಲ. ‘ಇಷ್ಟು ಹೊತ್ತು ಪುಸ್ತಕ ಉಜ್ಜಿದ್ರೆ ಬ್ಯಾಕ್ ಪೇಪರ್ ಹೋಗ್ತಿತ್ತು’ ಎಂದು ಅವರಪ್ಪ ಹೋಗುತ್ತ ಬರುತ್ತ ಎಮರಿ ಎಳೆಯುತ್ತಿದ್ದರು.

ಉಜ್ಜುವುದನ್ನು ನೋಡಲಾಗದೆ ಎದುರುಮನೆಯ ಹಿರಿಯರೊಬ್ಬರು ಬೂದಿ, ಸುಣ್ಣ ಕಲಸಿ ಹಚ್ಚು, ಹಳೇ ಬಣ್ಣ ತಾನೇ ಎದ್ದು ಬರ್ತದೆ ಎಂದರು. ಮರದ ಬಾಗಿಲಿಗೆ ಅದು ಸೈ. ಆದರೆ ಆ ಎರಡು ಕೂಡಿದರೆ ಹುಟ್ಟುವುದು ಕಡು ಕ್ಷಾರ. ಅಲ್ಯೂಮಿನಿಯಂ ಅದರಲ್ಲಿ ನೊರೆಯುಕ್ಕಿಸಿ ಕರಗುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಬಿಡುತ್ತದೆ. ಕೆಮಿಸ್ಟ್ರಿಯಲ್ಲೇ ಬ್ಯಾಕ್ ಉಳಿಸಿಕೊಂಡ ನಮ್ಮ ಹುಡುಗ ಇದನ್ನು ಸಮೀಕರಣ ಸಮೇತ ಹೇಳಿದ್ದು ನನಗೆ ಬಹಳ ಹಿಡಿಸಿತು. ಬಣ್ಣ ಎಲ್ಲಿ ಬೀಳಬಾರದು ಎಂಬ ಬಗ್ಗೆಯೂ ಅವನು ಕಟ್ಟುನಿಟ್ಟು. ಬೋಲ್ಟಿನ ತಿರುಪಿಗೆ ಬೀಳಬಾರದು, ಬೇರಿಂಗಿಗೆ ಬೀಳಬಾರದು, ಚೈನಿಗಂತೂ ಕೂಡದು, ರಿಮ್ಮಿನಲ್ಲಿ ಬ್ರೇಕ್ ಕಟ್ಟೆ ಉಜ್ಜುವ ಪಟ್ಟಿಯನ್ನು ಮುಟ್ಟಲೇಬಾರದು. ‘ಬಳಿಯೋದಾದ್ರೆ ಪೂರ್ತಿ ಬಳೀಬೇಕಪ್ಪ, ಅರೆಬರೆ ಎಂಥದು?’ ಎಂದ ಅಣ್ಣನಿಗೆ, ‘ಬ್ರೇಕ್ ಹಿಡೀದಿದ್ರೆ ಸೂಳೆಕೆರೆ ಏರಿಯಿಂದ ಸೀದಾ ನೀರಿಗೇ’ ಎಂಬ ಉತ್ತರ ಸಿಕ್ಕಿತು.

ಇನ್ನು ಯಾವ ಬಣ್ಣ? ಅಂಗಡಿಯಲ್ಲಿ ಸ್ಪ್ರೇ ಡಬ್ಬಿ ಸಿಗುವುದು ಕಪ್ಪು, ಬೆಳ್ಳಿ, ಬಂಗಾರ ಮತ್ತು ಟ್ರ್ಯಾಕ್ಟರ್ ಕೆಂಪು. ಹುಡುಗನಿಗೆ ಬೇಕಾಗಿದ್ದು ಚೆಲೆಸ್ತೆ. 1885ರಲ್ಲಿ ಮಿಲಾನಿನಲ್ಲಿ ಶುರುವಾದ ಬಿಯಾಂಕಿ ಕಂಪನಿಯ ಸೈಕಲ್ಲುಗಳ ತಿಳಿ ಹಸುರು-ನೀಲಿ. ಆ ಬಣ್ಣ ಹೇಗೆ ಬಂತೆಂಬುದಕ್ಕೆ ರಾಣಿಯೊಬ್ಬಳ ಕಣ್ಣು, ಮಿಲಾನಿನ ಆಕಾಶ ಎಂದು ನಾನಾ ಕಥೆಗಳಿವೆ. ಅವನು ಫೋನಿನಲ್ಲಿ ಚಿತ್ರ ತೆಗೆದು ಮನೆಮಂದಿಗೆಲ್ಲ ಭಕ್ತಿಯಿಂದ ತೋರಿಸಿದ. ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, ‘ಇದು ನಮ್ಮ ಹಿತ್ತಲ ಬಾಗಿಲಿನ ಬಣ್ಣ ಅಲ್ವೇನೋ?’ ಎಂದಳು. ಹೋಗಿ ಹಿಡಿದು ನೋಡಿದರೆ ಕೂದಲೆಳೆಯ ವ್ಯತ್ಯಾಸವಿಲ್ಲ. ರಾಣಿಯ ಕಣ್ಣಿನ ಬಣ್ಣ ನಮ್ಮ ಹಿತ್ತಲಲ್ಲಿ ಇಷ್ಟು ವರ್ಷ ಮಳೆ ಬಿಸಿಲಿಗೆ ಸುಲಿಯುತ್ತ ನಿಂತಿತ್ತು. ಕೊನೆಗೆ ದಾವಣಗೆರೆಯ ಕಾರು ಬಣ್ಣದ ಅಂಗಡಿಯಲ್ಲಿ ಬಾಗಿಲಿನ ಚಕ್ಕೆಯನ್ನೇ ಮಾದರಿಗೆ ಕೊಟ್ಟು ಬಣ್ಣ ಬೆರೆಸಿ ತಂದಾಯಿತು.

ಸ್ಪ್ರೇ ಮಾಡಿದ ದಿನ ಅಂಗಳದ ತುಂಬ ಬೇಯಿಸಿದ ಅಡಿಕೆ. ಮೂಲೆಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ರ್ಯಾಂಕು, ಬ್ರೇಕಿನ ತೋಳುಗಳನ್ನು ತಂತಿಯಲ್ಲಿ ನೇತುಹಾಕಿ, ಒಂದಡಿ ದೂರದಿಂದ, ಕೈ ನಿಲ್ಲಿಸದೆ, ತೆಳು ತೆಳುವಾಗಿ ಹೊಡೆಯುತ್ತಿದ್ದ. ಸೂಳೆಕೆರೆ ಕಡೆಯಿಂದ ಗಾಳಿ ಎದ್ದಿತು. ಮೊದಲ ಪದರಕ್ಕೆ ಅಡಿಕೆ ಸಿಪ್ಪೆಯ ನಾರು ಬಂದು ಕೂತಿತು, ಎರಡನೆಯದಕ್ಕೆ ಒಂದು ಗುಂಗಾಡು ಪ್ರಾಣಾರ್ಪಣೆ ಮಾಡಿತು. ಮೋಡ ಮುಚ್ಚಿ ತೇವ ಹೆಚ್ಚಿದಾಗ ಮೇಲಿನ ಲ್ಯಾಕರ್ ಹಾಲುಬಿಳುಪಾಯಿತು. ಥಿನ್ನರ್ ಆರುವಾಗ ಮೈ ತಂಪಾಗಿ ಗಾಳಿಯ ನೀರು ಅಲ್ಲೇ ಕಟ್ಟುತ್ತದೆ. ಅವೆಲ್ಲ ಮತ್ತೆ ಉಜ್ಜಿದರೆ ಹೋಗುವಂಥವು. ಹೋಗದೇ ಉಳಿದಿದ್ದು ಟಾರ್ಪಾಲಿನ ಅಂಚಿನಲ್ಲಿ ಬಣ್ಣ ಹಾರಿ ಕೂತ ಒಂದಷ್ಟು ಅಡಿಕೆ. ಅವ್ವ ಅದನ್ನು ಮೊರದಲ್ಲಿ ಆರಿಸಿ ತಂದು ಅವನ ಮುಂದೆ ಹಿಡಿದಳು. ‘ರಾಶಿ ಗೊತ್ತು, ಬೆಟ್ಟೆ ಗೊತ್ತು, ಗೊರಬಲು ಗೊತ್ತು. ಇದ್ಯಾವ ಸರಕಪ್ಪ, ಇಟಲಿದಾ? ತುಮ್ಕೋಸ್ ಸೊಸೈಟಿಯಲ್ಲಿ ಇದಕ್ಕೆ ಏನು ರೇಟು ಹೇಳ್ತಾರೆ, ಕೇಳ್ಕೊಂಡು ಬಾ.’

ಆ ಸಿಟ್ಟಿನಲ್ಲೇ ಅವಳಿಗೆ ನೆಲದ ಮೇಲೆ ಬಿದ್ದಿದ್ದ ತುಕ್ಕಿನ ಬೋಲ್ಟುಗಳು, ಸೀಟಿನ ಕೆಳಗಿನ ಉಕ್ಕಿನ ಸರಳು ಕಂಡವು. ಇವಕ್ಕೇನು ಬಳೀತೀಯ ಎಂದಳು. ಅದಕ್ಕೆ ಪೇಟೆಯಿಂದ ತುಕ್ಕು ಹಿಡಿಯದಂತೆ ಮಾಡುವ ದ್ರಾವಣ ತರಿಸಬೇಕೆಂದ. ಅವ್ವ ಮಾತಾಡದೆ ಅವನ್ನೆಲ್ಲ ಬಾಚಿಕೊಂಡು ಹೋಗಿ ಹಂಡೆಯ ತಳದ ಗಟ್ಟಿ ಚೊಗರಿನಲ್ಲಿ ಹಾಕಿದಳು. ಮರುದಿನ ತೆಗೆದರೆ ಕೆಂದುಕ್ಕು ಮಾಯ; ಒಂದೊಂದು ಬೋಲ್ಟೂ ಕಡು ನೀಲಿಗಪ್ಪು, ಉಗುರಿನಲ್ಲಿ ಕೆರೆದರೂ ಏಳದ ಬಣ್ಣ. ಅಡಿಕೆ ಸುಲಿಯುವ ಹೆಂಗಸರ ಬೆರಳು, ಅವರ ಕತ್ತಿ ಕಪ್ಪಾಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇವೆ. ಚೊಗರಿನಲ್ಲಿರುವ ಟ್ಯಾನಿನ್ನು ತುಕ್ಕಿನ ಜತೆ ಬೆರೆತು ಗಟ್ಟಿ ಕಪ್ಪು ಪದರವಾಗುತ್ತದೆ. ಪೇಟೆಯಲ್ಲಿ ಮಾರುವ ಅನೇಕ ದ್ರಾವಣಗಳಲ್ಲೂ ಇರುವುದು ಟ್ಯಾನಿಕ್ ಆಮ್ಲವೇ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ಚರಕ ಕೈಮಗ್ಗ ಸಂಘದವರು ಇದೇ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ. ಇಡೀ ಸೈಕಲ್ಲಿನಲ್ಲಿ ಉಜ್ಜದೆ, ಹೊಡೆಯದೆ, ಒಂದು ಪೈಸೆ ಖರ್ಚಿಲ್ಲದೆ ಕುದುರಿದ ಬಣ್ಣ ಅದೊಂದೇ. ಹುಡುಗ ಈಗ ಗೆಳೆಯರಿಗೆ ಮೊದಲು ತೋರಿಸುವುದು ಬೋಲ್ಟುಗಳನ್ನು.

ಕೊನೆಯ ಕೈ ಸೈಕಲ್ ಶಾಪಿನ ಚಾಚಾದು. ಬಾಡಿಗೆ ಸೈಕಲ್ಲುಗಳ ಕಾಲದಲ್ಲಿ ಮಡ್‌ಗಾರ್ಡಿನ ಮೇಲೆ ನಂಬರು ಬರೆಯುತ್ತಿದ್ದವರು. ಕ್ರ್ಯಾಂಕಿಗೆ ಒಂದು ಬಂಗಾರದ ಗೆರೆ ಬೇಕೆಂದು ಹುಡುಗ ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡೇ ಹೋಗಿದ್ದ. ಚಾಚಾ ಟೇಪು ಕಿತ್ತು ಹಾಕಿದರು. ಉದ್ದ ಕೂದಲಿನ ತೆಳು ಕುಂಚವನ್ನು ಬಣ್ಣದಲ್ಲಿ ಅದ್ದಿ, ರಟ್ಟಿನ ಮೇಲೆ ಎರಡು ಸಲ ಎಳೆದು ಚೂಪು ಮಾಡಿ, ಕಿರುಬೆರಳನ್ನು ಕ್ರ್ಯಾಂಕಿನ ಅಂಚಿಗೆ ಊರಿದರು. ಬೆರಳು ಅಂಚು ಹಿಡಿದು ಜಾರಿತು, ಕುಂಚ ಅದರ ಹಿಂದೆ ಹೋಯಿತು. ಆಚೆ ತುದಿಯಲ್ಲಿ ಎತ್ತಿದಾಗ ಗೆರೆ ಶುರುವಾದಷ್ಟೇ ದಪ್ಪವಿತ್ತು. ಚೆನ್ನೈನಲ್ಲಿ ಬುಲೆಟ್ಟಿನ ಟ್ಯಾಂಕಿಗೆ ಇವತ್ತಿಗೂ ಹೀಗೆಯೇ ಕೈಯಲ್ಲಿ ಗೆರೆ ಎಳೆಯುವವರಿದ್ದಾರೆ. ‘ಎಷ್ಟಾಯ್ತು ಚಾಚಾ?’ ಎಂದರೆ, ‘ಹ್ಯಾಂಡಲ್ ಸೀದಾ ಮಾಡಿಸ್ಕೊಂಡು ಬಾ, ಆಮೇಲೆ ಹೇಳ್ತೀನಿ’ ಎಂದರು.

ಈಗ ಹುಡುಗನಿಗೆ ಬಿಡುವಿಲ್ಲ. ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರೊಬ್ಬರು ಅಡಿಕೆ ಸುಲಿಯುವ ಯಂತ್ರದ ಮೇಲ್ಮುಚ್ಚಳ ಕಳಿಸಿದ್ದಾರೆ, ಪಕ್ಕದ ಮನೆಯವರು ಔಷಧಿ ಹೊಡೆಯುವ ಕ್ಯಾನು ತಂದಿಟ್ಟಿದ್ದಾರೆ. ಎಲ್ಲಕ್ಕಿಂತ ದೊಡ್ಡ ಆರ್ಡರ್ ಅಪ್ಪನದು: ಅಟ್ಟದ ಕೆಳಗಿನ ಅಟ್ಲಾಸ್ ಸೈಕಲ್. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಬೇರೆ ದಿನ ಸಿಗದೆ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿದ ಸುದ್ದಿ ಪೇಪರಿನಲ್ಲಿ ಬಂದಾಗಿನಿಂದ ಅಪ್ಪ ಅದನ್ನು ವಾರಕ್ಕೊಮ್ಮೆ ಒರೆಸುತ್ತಾರೆ. ಅವರ ಷರತ್ತುಗಳು ಸ್ಪಷ್ಟ. ಕಪ್ಪು ಕಪ್ಪೇ ಇರಬೇಕು, ಗೆರೆ ಚಾಚಾನೇ ಎಳೆಯಬೇಕು, ಚೈನ್ ಕವರಿನ ಮೇಲೆ ಹೆಸರು ಇನಿಷಿಯಲ್ ಸಮೇತ ಬರಬೇಕು. ಹುಡುಗ ಸೈಕಲ್ಲನ್ನು ಒಂದು ಸುತ್ತು ನೋಡಿ, ಇಪ್ಪತ್ತು ಕಿಲೋ ಮೇಲಿದೆ ತಾತ, ಕೆರಿಯರ್ ಮತ್ತು ಸ್ಟ್ಯಾಂಡ್ ತೆಗೆದರೆ ಒಳ್ಳೆ ಲುಕ್ ಬರುತ್ತದೆ ಎಂದು ಸಲಹೆ ಕೊಟ್ಟ.

‘ಕೆರಿಯರ್ ತೆಗೆದು ನಿಮ್ಮಜ್ಜಿನ ಎಲ್ಲಿ ಕೂರಿಸ್ಲಿ?’ ಎಂದರು ಅಪ್ಪ.

‘ಅದರ ಮೇಲೆ ಕೂರಿಸ್ಕೊಂಡು ಹೋಗಿ ಎಷ್ಟು ವರ್ಷ ಆಯ್ತು ಅಂತಲೂ ಕೇಳಪ್ಪ’ ಎಂದಳು ಅವ್ವ, ಹಂಡೆ ಉಜ್ಜುತ್ತಲೇ.