ಗ್ರಂಥಋಣದ ಬಾಕಿ

(ವಿಜಯನಗರ ಮೆಟ್ರೊ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ರಾತ್ರಿ ಎಂಟು. ಪ್ರಿಂಟರಿನಿಂದ ಪ್ರಾಜೆಕ್ಟ್ ಹೊರಗೆ ಬರುತ್ತಿದೆ.)

ಕಿರಣ: ಶಿವಣ್ಣ, ಮೂರು ಕಾಪಿ, ಸ್ಪೈರಲ್ ಹಾಕ್ಬಿಡಿ. ನಾಳೆ ಮಧ್ಯಾಹ್ನ ಸಬ್ಮಿಷನ್ನು.

ಶಿವಣ್ಣ: 'ಬೆಂಗಳೂರಿನ ಗ್ರಂಥಾಲಯಗಳು'. ಭೇಷ್! ಕೃತಜ್ಞತೆ ಪುಟದಲ್ಲಿ 'ನನ್ನ ಪತಿದೇವರಿಗೆ ವಂದನೆ' ಅಂತಿದೆಯಲ್ಲೋ?

ಕಿರಣ: ಅಯ್ಯೋ! ಅದು ಸೀನಿಯರ್ ಅಕ್ಕಂದು. ತೆಗೆಯೋದು ಮರೆತೆ.

ಶಿವಣ್ಣ: ಗ್ರಂಥಋಣಾನೂ ಅವಳದ್ದೇ. ಮೂರು ವರ್ಷದಿಂದ ಇದೇ ಹನ್ನೆರಡು ಪುಸ್ತಕ ಪ್ರಿಂಟ್ ಹಾಕ್ತಿದೀನಿ, ನಂಗೆ ಬಾಯಿಪಾಠ. ಹದಿಮೂರನೇದು ಮಾತ್ರ ಹೊಸದು: 'ಗೂಗಲ್'.

ಕಿರಣ: ಅದು ನನ್ನ ಸ್ವಂತ ಸಂಶೋಧನೆ ಅಣ್ಣ.

ಶಿವಣ್ಣ: ಸಾಲ ಕೊಟ್ಟೋರು ಯಾರು ಅಂದ್ರೆ 'ರಾಜಾಜಿನಗರ' ಅಂದಂಗಾಯ್ತು! ಋಣ ಅಂದ್ಮೇಲೆ ಲೆಕ್ಕ ಬೇಡ್ವಾ? ನನ್ನ ಸಾಲದ ಬುಕ್ ನೋಡು. ಯಾರು, ಯಾವತ್ತು, ಎಷ್ಟು, ಎಲ್ಲಾ ಇದೆ.

ಕಿರಣ: ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರ ಪಂಚಸೂತ್ರ ಹಾಕಿದೀನಲ್ಲ, 1931ರದ್ದು! ಓದುಗನ ಸಮಯ ಉಳಿಸಬೇಕು ಅನ್ನೋದು ನಾಲ್ಕನೇದು. ನಾನು ಓದದೇನೇ ಪೂರ್ತಿ ಉಳಿಸಿದೀನಿ.

ಶಿವಣ್ಣ: ಅದು ಲೈಬ್ರರಿಯವರಿಗೆ ಹೇಳಿದ್ದು ಕಣೋ! ಅವರು 1962ರಲ್ಲಿ ಶುರು ಮಾಡಿದ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ, ಡಿಆರ್‌ಟಿಸಿ, ಮೈಸೂರು ರೋಡಲ್ಲೇ ಇದೆ. ಕೆಂಗೇರಿಯಿಂದ ದಿನಾ ಅದರ ಮುಂದೇನೇ ಬಸ್ಸಲ್ಲಿ ತೂಕಡಿಸ್ಕೊಂಡು ಬರ್ತೀಯ.

ಕಿರಣ: ಹೌದಾ? ಇದನ್ನ ಪ್ರಾಜೆಕ್ಟಿಗೆ ಸೇರಿಸಬಹುದಲ್ಲ!

ಶಿವಣ್ಣ: ಇದೆಯಲ್ಲ. ನಲವತ್ತೊಂದನೇ ಪುಟ.

ಕಿರಣ: ...ಈಗೇನ್ಮಾಡ್ಲಿ?

ಶಿವಣ್ಣ: ಬೆಳಿಗ್ಗೇನೇ ಹಂಪಿನಗರದ ಲೈಬ್ರರಿಗೆ ಹೋಗು. ಡ್ಯೂಯಿ ನಂಬರಲ್ಲಿ ಜೋಡಿಸಿದ್ರೆ ನಿನ್ನ ವಿಷಯ 020. ಎಸ್‌ಟಿಡಿ ಬೂತ್ ಇಟ್ಟಿದ್ದಾಗ ನಂಗೆ ಅದು ಪುಣೆ ಕೋಡು, ಆ ಮಾತು ಬಿಡು. ನಾಲ್ಕೇ ಪುಸ್ತಕ ಆದ್ರೂ ಕೈಲಿ ಹಿಡಿದು ನೋಡಿದ್ದಾಗಿರಲಿ. ಲೇಖಕರು, ಪ್ರಕಾಶಕರು, ವರ್ಷ ಬರ್ಕೋ. ಎಷ್ಟನೇ ಮುದ್ರಣ ಅಂತಾನೂ ನೋಡು. ಮುದ್ರಣ ಬದಲಾದ್ರೆ ಪುಟದ ನಂಬರೂ ಬದಲಾಗಬಹುದು.

ಕಿರಣ: ಹನ್ನೆರಡಿದ್ದದ್ದು ನಾಲ್ಕಾದ್ರೆ ಸರ್ ಬೈಯಲ್ವಾ?

ಶಿವಣ್ಣ: ಅವರು ಅಲ್ಲೀತನಕ ಓದ್ತಾರೆ ಅಂತ ಯಾರು ಹೇಳಿದ್ದು? ಆ ಅಕ್ಕನಿಗೂ ಮದುವೆ ಆಗಿರಲಿಲ್ಲ. ಅವಳೂ ಸೀನಿಯರ್‌ದೇ ತಂದಿದ್ದು. ಪತಿದೇವರು ಮೂರು ವರ್ಷದಿಂದ ಫಸ್ಟ್ ಕ್ಲಾಸಲ್ಲಿ ಪಾಸಾಗ್ತಿದಾರೆ!

ಕಿರಣ: (ಮೆಲ್ಲಗೆ) ಹಾಗಾದ್ರೆ ಅಣ್ಣ... ಇವತ್ತಿನ ಪ್ರಿಂಟ್ ದುಡ್ಡು?

ಶಿವಣ್ಣ: (ಬುಕ್ ತೆರೆಯುತ್ತ) ಹೇಳು, ಯಾರ ಹೆಸರಲ್ಲಿ?

ಕಿರಣ: ಸೀನಿಯರ್ ಅಕ್ಕನ ಹೆಸರಲ್ಲೇ ಬರ್ಕೊಳ್ಳಿ.