‘ಮಕ್ಕಳ ಸೇವೆ’: ಒಂದು ವಿಭಕ್ತಿ ವಿಚಾರ

ವಿದೇಶಿ ಕಾಲೇಜು ಹುಡುಗ ಹುಡುಗಿಯರು ಹತ್ತು ದಿನದ ಮಿಷನ್ ಪ್ರವಾಸಕ್ಕೆ ಬರುತ್ತಾರೆಂದರೆ ಶಾಲೆಯ ಗೇಟಿಗೆ ಬ್ಯಾನರು ಬೀಳುತ್ತದೆ. ಅದರಲ್ಲಿ ‘ಮಕ್ಕಳ ಸೇವೆ’ ಎಂದಿರುತ್ತದೆ. ‘ಮಕ್ಕಳ’ ಷಷ್ಠೀ ವಿಭಕ್ತಿ, ಇದರಲ್ಲಿ ತಕರಾರಿಲ್ಲ. ಆದರೆ ಮಕ್ಕಳಿಗೆ ಮಾಡುವ ಸೇವೆಯೋ, ಮಕ್ಕಳು ಮಾಡುವ ಸೇವೆಯೋ? ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1903ರಲ್ಲಿ ತಾವೇ ಒಂದು ಕನ್ನಡ ವ್ಯಾಕರಣ ಪ್ರಕಟಿಸಿದ ಕಿಟೆಲ್ ಸಾಹೇಬರಿಗೆ ಇಂಥ ಬ್ಯಾನರು ಓದುವ ಯೋಗವಿರಲಿಲ್ಲ. ಆ ಕೊರತೆಯನ್ನು ತುಂಬಲು ಈ ಪ್ರಬಂಧ.

ಮೊದಲು ಪರಂಪರೆ. ನಮ್ಮ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಗೆ ಬಂದ ಮೊದಲ ಮಿಷನ್ ಅಶೋಕನದು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಸಂದೇಶ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಈಗಲೂ ಇದೆ. 1892ರಲ್ಲಿ ಅದನ್ನು ಪತ್ತೆ ಹಚ್ಚಿದ ಬಿ.ಎಲ್. ರೈಸ್ ಮಿಷನರಿಯೊಬ್ಬರ ಮಗ. ಇದನ್ನು ಕಾಕತಾಳೀಯ ಎನ್ನುವವರಿಗೆ ಸಂಶೋಧನೆಯ ಗಂಧವಿಲ್ಲ. ಆ ಶಾಸನದಲ್ಲಿ 256 ಎಂಬ ಸಂಖ್ಯೆಯಿದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎಂದು ಅನೇಕ ವಿದ್ವಾಂಸರು ಓದುತ್ತಾರೆ. ಅಂದಿನ ದೇವಾನಾಂಪ್ರಿಯನಿಗೆ 256 ರಾತ್ರಿ, ಇಂದಿನ ದೇವಪ್ರಿಯರಿಗೆ ಹತ್ತು ಹಗಲು. ನಾಗರಿಕತೆಯ ವೇಗ ಅಳೆಯಲು ಇದಕ್ಕಿಂತ ಒಳ್ಳೆಯ ಮಾಪಕ ಸಿಗದು.

ಬಂಡೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲಿಪಿಕಾರ ಚಪಡ ಊರಿನವರಿಗೆ ಹೇಳಬೇಕಾದದ್ದನ್ನೆಲ್ಲ ಬ್ರಾಹ್ಮಿಯಲ್ಲಿ ಕೊರೆದ. ತಾನು ಲಿಪಿಕಾರ ಎಂಬ ಒಂದು ಮಾತನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊನೆಗೆ ಸೇರಿಸಿದ. ಉಪದೇಶ ಇಲ್ಲಿಯವರಿಗೆ, ರುಜು ತನ್ನ ಊರಿನವರಿಗೆ! ಮಗುವನ್ನು ಎತ್ತಿಕೊಂಡು ತೆಗೆಸುವ ಸೆಲ್ಫಿಯ ಮೂಲಪುರುಷ ಇವನೇ ಎಂಬುದು ನನ್ನ ಮೊದಲ ಪ್ರಮೇಯ.

ನಡುವಿನ ಕಾಲದವರಿಗೆ ಈ ಹತ್ತು ದಿನದ ಶಾಸ್ತ್ರ ತಿಳಿದಿರಲಿಲ್ಲ. 1810ರಲ್ಲಿ ಪಕ್ಕದ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ಎರಡು ದಶಕ ಸವೆಸಿದರು. 1853ರಲ್ಲಿ ಬಂದ ಕಿಟೆಲ್ಲರ ನಿಘಂಟು ಹೊರಬಂದದ್ದು 1894ರಲ್ಲಿ. ಸುಮಾರು ಎಪ್ಪತ್ತು ಸಾವಿರ ಪದಗಳಂತೆ. ಈಗಿನ ತಂಡಕ್ಕೆ ‘ನಮಸ್ಕಾರ’, ‘ಚೆನ್ನಾಗಿದೆ’, ‘ಸಾಕು’ ಎಂಬ ಮೂರೇ ಪದಗಳಲ್ಲಿ ಕೆಲಸ ಮುಗಿಯುತ್ತದೆ. ಅದರಲ್ಲೂ ‘ಸಾಕು’ ಊಟದ ಹೊತ್ತಿಗೆ ಮಾತ್ರ.

ಹತ್ತು ದಿನದ ಗಣಿತ ಹೀಗಿದೆ. ವಿಮಾನಕ್ಕೆ ಎರಡು, ನಿದ್ದೆ ತಿರುಗಿ ಸರಿಹೋಗಲು ಒಂದು, ಹಂಪಿಗೆ ಒಂದು, ಮೊಳಕಾಲ್ಮೂರು ಸೀರೆಗೆ ಅರ್ಧ, ಹೊಟ್ಟೆ ಕೆಟ್ಟದ್ದಕ್ಕೆ ಒಂದೂವರೆ, ಬೀಳ್ಕೊಡುಗೆಗೆ ಒಂದು. ಉಳಿದದ್ದು ಮೂರು. ಪ್ರವಾಸಿ ವೀಸಾದಲ್ಲಿ ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆ ಇದೆ. ಆದ್ದರಿಂದ ಆ ಮೂರು ದಿನವೂ ಶಾಲೆಯ ಗೋಡೆಗೆ ಬಣ್ಣ ಬಳಿಯುವುದಕ್ಕೇ ಮೀಸಲು.

ಇನ್ನು ಉದಾಹರಣೆ. ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಹುಡುಗನನ್ನು ದೇವದತ್ತ ಎನ್ನೋಣ. ಐದನೇ ಕ್ಲಾಸು, ಚಡ್ಡಿಗೆ ಗುಂಡಿಯಿಲ್ಲ. ಬಣ್ಣ ಹಿಡಿಯಲೆಂದು ಹಿಂದಿನ ದಿನವೇ ಗೋಡೆ ಉಜ್ಜಿ ತೊಳೆಯುವವನು ದೇವದತ್ತ. ಕೋಳಿ ಮುಟ್ಟದ ಮ್ಯಾಸಬೇಡರ ಹಟ್ಟಿಯಲ್ಲಿದ್ದುಕೊಂಡು, ಅತಿಥಿಗಳ ಸಾರಿಗೆಂದು ಪಕ್ಕದೂರಿಗೆ ಸೈಕಲ್ ತುಳಿದು ಕೋಳಿ ತಂದುಕೊಡುವವನೂ ದೇವದತ್ತ. ಅದೇ ಸ್ವಾಗತಗೀತೆಯನ್ನು ನಾಲ್ಕು ಸಲ ಹಾಡುತ್ತಾನೆ. ಗೊತ್ತಿರುವ ಎ ಬಿ ಸಿ ಡಿಯನ್ನು ಗೊತ್ತಿಲ್ಲದವನಂತೆ ಮತ್ತೆ ಕಲಿಯುತ್ತಾನೆ. ಕಲಿಸಿದ ಅಕ್ಕನಿಗೆ ಖುಷಿಯಾಗಲಿ ಎಂಬ ಒಂದೇ ಕಾರಣಕ್ಕೆ! ನನ್ನ ದೃಷ್ಟಿಯಲ್ಲಿ ಇಡೀ ಶಿಬಿರದ ಅತ್ಯಂತ ನಿಸ್ವಾರ್ಥ ಕೆಲಸ ಇದು. ಕಡೆಯ ದಿನ ಬಿರುಬಿಸಿಲಲ್ಲಿ ತಂಡದ ನಾಯಕನಿಗೆ ಚಳ್ಳಕೆರೆಯ ಕಂಬಳಿ ಹೊದೆಸಿ ಸನ್ಮಾನಿಸುವಾಗ, ಹಿಂದೆ ನಿಂತು ರಟ್ಟಿನಲ್ಲಿ ಗಾಳಿ ಬೀಸುವವನೂ ಅವನೇ.

ಪೂರ್ವಪಕ್ಷದವರು ಕೇಳಬಹುದು: ನಮ್ಮವರು ಮಾಡಿದ್ದೇನು? ಒಪ್ಪಿದೆ. 1969ರಿಂದ ನಡೆದುಬಂದಿರುವ ಎನ್ನೆಸ್ಸೆಸ್ಸಿನ ಏಳು ದಿನದ ಶಿಬಿರದಲ್ಲಿ ನಾನೂ ಒಂದು ಚರಂಡಿ ತೋಡಿದ್ದೇನೆ. ಹಿಂದಿನ ವರ್ಷದ ತಂಡ ಮುಚ್ಚಿಹೋದದ್ದು ಅದನ್ನೇ. ಊರವರು ನಮಗೂ ಉಪ್ಪಿಟ್ಟು ಮಾಡಿ ಹಾಕಿ, ತಾಳ್ಮೆಯಿಂದ ಚಪ್ಪಾಳೆ ತಟ್ಟಿದ್ದರು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ನಾಯಕನಹಟ್ಟಿ ತಿಪ್ಪೇಸ್ವಾಮಿ ಆ ಉಪ್ಪಿಟ್ಟಿಗೆ ಎಷ್ಟು ಕಡಿತ ಹಾಕುತ್ತಿದ್ದನೋ, ಆ ಲೆಕ್ಕಕ್ಕೆ ನಾನು ಕೈಹಾಕುವುದಿಲ್ಲ.

ಸಿದ್ಧಾಂತ ಮಂಡಿಸುವ ಮುನ್ನ ಕ್ಷೇತ್ರಕಾರ್ಯವೂ ಆಗಲೆಂದು ಬ್ಯಾನರನ್ನು ದೇವದತ್ತನಿಗೇ ತೋರಿಸಿ, ಇದು ಯಾವ ವಿಭಕ್ತಿ ಎಂದು ಕೇಳಿದೆ.

“ತೃತೀಯಾ ಸಾ. ನಮ್ಮಿಂದ,” ಎಂದ.

ತಪ್ಪು, ಅದು ಷಷ್ಠಿ ಎಂದು ತಿದ್ದುವಷ್ಟರಲ್ಲಿ ಒಳಗಿನಿಂದ ಹೆಡ್‌ಮೇಷ್ಟ್ರು ಕೂಗಿದರು. ಅತಿಥಿಗಳಿಗೆ ಕೈ ತೊಳೆಯಲು ನೀರು ಬೇಕಿತ್ತು. ದೇವದತ್ತ ಬಕೆಟ್ ಹಿಡಿದು ಓಡಿದ.